ಗೀರಿಲ್ಲದ ಸೀಡಿಗಳು

ಕಂಪ್ಯೂಟರ್ ಪರದೆಯ ಮೇಲೆ ತೊಂಬತ್ತೊಂದು ಪರ್ಸೆಂಟ್. ಈ ಕೊನೆಯ ಸೀಡಿಯೂ ಮುಗಿದರೆ ನೆವೆನಾ ಪ್ಲೊವ್ದಿವ್ ಊರು ಬಿಟ್ಟು ದೂರದ ವರ್ನಾಕ್ಕೆ ಹೊರಟುಬಿಡುತ್ತಾಳೆ. ಅಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ತೀರಿಹೋದ ಅಪ್ಪನ ಮುನ್ನೂರ ಹನ್ನೆರಡು ಸೀಡಿಗಳೂ ಅವಳ ಪುಟ್ಟ ಹಾರ್ಡ್ ಡಿಸ್ಕಿನಲ್ಲಿ ಅವಳ ಜೊತೆ ಹೋಗುತ್ತವೆ.

ಹಳೆಯ ಸೀಡಿಗಳ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಡುವ ದಾಮ್ಯಾನ್ ಈಗ ಬಾಯಿ ಬಿಡದಿದ್ದರೆ ಇನ್ನೆಂದೂ ಬಿಡುವುದಿಲ್ಲ. ಮೂರು ವಾರ ಅವಳನ್ನು ಎದುರಿಗೇ ಕೂರಿಸಿಕೊಂಡು ತುಟಿಗೆ ಬೀಗ ಹಾಕಿಕೊಂಡಿದ್ದ ಮಹಾಶಯ!

"ಇನ್ನೆಷ್ಟು ಹೊತ್ತು?" ನೆವೆನಾ ಇವತ್ತು ಕೂರಲೇ ಇಲ್ಲ.

"ಐದು ನಿಮಿಷ."

"ಇದೂ ಸರಿಯಾಗಿ ಓದ್ತಿಲ್ಲ ಅನ್ನಲ್ವಾ?" ಅವಳು ತನ್ನ ಲ್ಯಾಪ್‌ಟಾಪ್ ಅವನ ಕಡೆ ತಿರುಗಿಸಿದಳು. ಹುಬ್ಬು ಮೇಲಿತ್ತು, ತುಟಿಯಲ್ಲಿ ನಗುವಿರಲಿಲ್ಲ.

ಅದರಲ್ಲಿ ದಾಮ್ಯಾನನ ಕಂಪ್ಯೂಟರಿನದೇ ವರದಿಗಳು. ಒಂದೊಂದು ಸೀಡಿ ಓದಿದಾಗಲೂ ಕಂಪ್ಯೂಟರ್ ಒಂದು ವರದಿ ಬರೆದಿಡುತ್ತದೆ: ಯಾವತ್ತು ಓದಿದ್ದು, ಗೀರಿನಿಂದ ಓದುವಾಗ ಎಷ್ಟು ತಪ್ಪು ಸಿಕ್ಕಿತು. ಹಾಡಿನ ಜೊತೆ ಆ ವರದಿ ಇಡದಿದ್ದರೆ ಈ ಕಸುಬಿನವರಿಗೆ ನಿದ್ದೆ ಬಾರದು. ಹುಟ್ಟುಗುಣ ಸುಟ್ಟರೂ ಹೋಗದು. ಬಾಯಲ್ಲಿ ಸುಳ್ಳು ಹೇಳುತ್ತ, ದಿನದ ಕೆಲಸವನ್ನು ದಿನವೂ ಅವಳ ಡಿಸ್ಕಿಗೆ ಹಾಕಿಕೊಡುವಾಗ ನಿಜವನ್ನೂ ತಾನೇ ತುಂಬಿ ಕಳಿಸಿದ್ದ.

"ಅಪ್ಪನ ವೃಂದಗಾನದ ಸೀಡಿ. ಮಾರ್ಚ್ ಮೂರು, ತಪ್ಪು ಸೊನ್ನೆ. ನಾಲ್ಕು, ಸೊನ್ನೆ. ಐದು, ಅದೂ ಸೊನ್ನೆ. 'ತುಂಬಾ ಗೀರಿದೆ, ನಾಳೆ ಮತ್ತೆ ಬನ್ನಿ' ಅಂದ್ರಲ್ಲ, ಎಲ್ಲಿದೆ ಗೀರು?"

ಅವನು ವರದಿಯಿಂದ ಕಣ್ಣು ಕಿತ್ತು ಕೀಬೋರ್ಡ್ ನೋಡಿದ.

"ಅಪ್ಪನ ಸೀಡಿ ಹಾಳಾಗೋಯ್ತು ಅಂತ ಆವತ್ತು ಬಸ್ಸಲ್ಲಿ ಅಳ್ತಾ ಹೋದೆ. ಗೊತ್ತಾ?"

ಗೊತ್ತಿರಲಿಲ್ಲ. ನಾಚಿಕೆಯಿಂದ ಅವನ ಮುಖ ಸುಟ್ಟಂತಾಯಿತು.

"ತಪ್ಪಾಯ್ತು. ಸೀಡಿಗೆ ಏನೂ ಆಗಿರ್ಲಿಲ್ಲ. ಕೆಲಸ ಮುಗಿದ್ರೆ ನೀವು ಬರಲ್ವಲ್ಲ, ಅದಕ್ಕೆ..."

"ಅದಕ್ಕೆ ಅಂದ್ರೆ? ಪೂರ್ತಿ ಹೇಳಿ."

"ನೀವಂದ್ರೆ ನಂಗಿಷ್ಟ. ತುಂಬಾ. ದಿನಾ ನೀವು ಬರೋ ತನಕ ಒಂದು ಸೀಡಿ ಮುಟ್ಟೋಕೂ ಮನಸ್ಸಾಗಲ್ಲ."

ನೆವೆನಾ ಲ್ಯಾಪ್‌ಟಾಪ್ ಮುಚ್ಚಿದಳು. ಕಣ್ಣು ಒದ್ದೆಯಾಗಿತ್ತು, ಸಿಟ್ಟು ಮಾತ್ರ ಇಳಿದಿರಲಿಲ್ಲ.

"ಇದನ್ನ ನಾನು ಇವತ್ತು ನೋಡಿದ್ದಲ್ಲ. ಆರನೇ ತಾರೀಕೇ ನೋಡ್ದೆ."

"ಮತ್ತೆ ಯಾಕೆ ದಿನಾ ಬಂದ್ರಿ?"

"ಯಾವಾಗ ಹೇಳ್ತೀಯೋ ಅಂತ! ನೀನು ನೋಡಿದ್ರೆ, 'ಇವತ್ತಿಗೆ ಎಲ್ಲಾ ಮುಗಿಯತ್ತೆ, ತಗೊಂಡೋಗಿ' ಅಂತ ಫೋನ್ ಮಾಡ್ತೀಯ. ನನ್ನ ಸಿಟ್ಟೆಲ್ಲಾ ಅದಕ್ಕೇ. ಪುಕ್ಕಲ!"

ಡ್ರೈವ್ ತಾನಾಗಿ ತೆರೆದುಕೊಂಡು ಕೊನೆಯ ಸೀಡಿಯನ್ನು ಹೊರಗಿಟ್ಟಿತು. ಇಬ್ಬರೂ ಅತ್ತ ನೋಡಲಿಲ್ಲ.

"ಕೆಲಸ ಬಿಡಲ್ಲ ನಾನು. ನಾಳೆ ವರ್ನಾಕ್ಕೆ ಹೋಗೋದೇ," ಎಂದಳು.

"ಹೋಗು. ಶನಿವಾರ ನಾನು ಬರ್ತೀನಿ."

"ಏನು ನೆಪ ಹೇಳ್ಕೊಂಡು?"

"ನೆಪ ಇಲ್ಲ. ನಿನ್ನ ನೋಡೋಕೆ."

"ಯಾವ ಶನಿವಾರ?"

ದಾಮ್ಯಾನ್ ಈ ಸಲ ತಡಮಾಡಲಿಲ್ಲ.

"ಎಲ್ಲಾ ಶನಿವಾರಾನೂ."