ಸೋಮವಾರದ ನಾಡಿ

ಸುಳ್ಳು ಹೇಳುವುದಾದರೆ ಊರು ನೋಡಿ ಹೇಳಬೇಕು. ಕಸ್ತೂರಮ್ಮ ಎಡವಿದ್ದೇ ಅಲ್ಲಿ.

ಅವಳು ಜಗಳೂರಿನ ಹುಡುಗಿ, ಚನ್ನಗಿರಿಯ ಸಣ್ಣ ಆಸ್ಪತ್ರೆಗೆ ನರ್ಸಾಗಿ ಬಂದು ಮೂರು ವರ್ಷವಾಗಿತ್ತು. ಸೂಳೆಕೆರೆಯ ಆಚೆ ದಂಡೆಯ ಹೊಸಹಳ್ಳಿಗೆ ಊರದೇವತೆ ಚೌಡಮ್ಮ, ಹಾಗಾಗಿ ಅಲ್ಲಿ ಮನೆಗೊಬ್ಬಳಾದರೂ ಚೌಡಮ್ಮ ಇರುತ್ತಾಳೆ ಎಂಬುದು ಆ ಸೀಮೆಯ ಎಮ್ಮೆಗಳಿಗೂ ಗೊತ್ತು. ಇವಳಿಗೆ ಗೊತ್ತಿರಲಿಲ್ಲ. ಇಲ್ಲದ ಒಬ್ಬ ರೋಗಿಯನ್ನು ಹುಟ್ಟಿಸಿ, ಹೊಸಹಳ್ಳಿ ಚೌಡಮ್ಮ ಎಂದು ಹೆಸರಿಟ್ಟು, ಎರಡು ವರ್ಷ ರಿಜಿಸ್ಟರಿನಲ್ಲಿ ಸಾಕಿದ್ದಳು. ಆ ಗುರುವಾರ ಬೆಳಿಗ್ಗೆ ಡಾಕ್ಟರು ವಿರೂಪಾಕ್ಷಪ್ಪ ಬಸ್ಸಿನ ಮೇಲೆ ಸೈಕಲ್ ಹಾಕಿಸಿಕೊಂಡು ಅದೇ ಚೌಡಮ್ಮನನ್ನು ಹುಡುಕಲು ಹೊರಟುಬಿಟ್ಟಿದ್ದರು.

"ಬಿಸಿಲು ಬಾಳ ಐತ್ರಿ. ನಾನೇ ಹೇಳಿ ಕಳಿಸ್ತೀನಿ ಅಂದ್ನಲ್ಲ" ಎಂದು ಬಾಗಿಲವರೆಗೂ ಬಂದಿದ್ದಳು.

"ಎರಡು ವರ್ಷದಿಂದ ಹೇಳಿ ಕಳಿಸ್ತಾನೇ ಇದ್ದೀರಿ" ಎಂದು ನಕ್ಕು ಹೋಗಿದ್ದರು. 

ಆಗ ೧೯೩೮. ಡಾಕ್ಟರಿಗೆ ಮೂವತ್ತೊಂದು, ಊರು ಹೊನ್ನಾಳಿ. ಬೆಂಗಳೂರಿನಲ್ಲಿ ಓದಿ ಬಂದವರಿಗೆ ಇದ್ದದ್ದು ಒಂದೇ ಹುಚ್ಚು, ಹೃದಯದ್ದು. ಪ್ರೀತಿ ಪ್ರೇಮದ ಹೃದಯವಲ್ಲ ಮಾರಾಯ್ರೆ, ಎಡಪಕ್ಕೆಯಲ್ಲಿ ಬಡಿಯುತ್ತದಲ್ಲ, ಅದು. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದುಹೋದ ಕೆಲವರಿಗೆ ಎಷ್ಟೋ ವರ್ಷದ ಮೇಲೆ ಹೃದಯದ ಕವಾಟ ಕಿರಿದಾಗಿ, ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತದೆ. ಅದಕ್ಕೆ ಡಿಜಿಟಾಲಿಸ್ ಎಂಬ ಎಲೆಯ ಗುಳಿಗೆ ಇತ್ತು. ಅಳತೆ ಮೀರಿದರೆ ಅದೇ ವಿಷ. ದಿನಾ ನಾಡಿ ಎಣಿಸಿ, ನಾಡಿ ನೋಡಿಕೊಂಡು ಗುಳಿಗೆ ಕೊಟ್ಟರೆ ಹಳ್ಳಿಯ ಹೆಂಗಸೂ ತನ್ನ ಮನೆಯಲ್ಲೇ ಬದುಕಬಹುದು ಎಂದು ತೋರಿಸಬೇಕು, ಅದು ಅವರ ಸಂಶೋಧನೆ. ವಾರಕ್ಕೆ ಮೂರು ದಿನ ಹೊನ್ನಾಳಿ, ನ್ಯಾಮತಿ ಸುತ್ತಿ ರೋಗಿಗಳನ್ನು ನೋಡಿ ಸೋಮವಾರದ ಮೊದಲ ಬಸ್ಸಿಗೆ ವಾಪಸು ಬರುತ್ತಿದ್ದರು.

ಆದರೆ ಹೆಂಗಸರ ಎದೆಯ ಮೇಲೆ ಗಂಡಸು ಸ್ಟೆತಾಸ್ಕೋಪ್ ಇಡುವುದೆಂದರೆ! ಅದಕ್ಕೆ ಅವರಿಬ್ಬರೂ ಒಂದು ಉಪಾಯ ಮಾಡಿಕೊಂಡಿದ್ದರು. ಆಸ್ಪತ್ರೆಯ ಆಯಾ ಭೀಮಕ್ಕ ಒಂದು ಹಳೆ ಸೀರೆ ಅಡ್ಡ ಹಿಡಿಯುತ್ತಿದ್ದಳು. ಸೀರೆಯ ಆಚೆ ಕಸ್ತೂರಮ್ಮ ರೋಗಿಯ ಎದೆ ಕೇಳಿ, ಕೇಳಿದ್ದನ್ನು ಹಾಗೇ ಮೇಜಿನ ಮೇಲೆ ಬೆರಳಲ್ಲಿ ಬಡಿಯುತ್ತಿದ್ದಳು. ಕವಾಟದ ಗೊರಗೊರ ಇದ್ದರೆ ಉಗುರಿನಿಂದ ಮೇಜು ಕೆರೆಯುತ್ತಿದ್ದಳು. ಸೀರೆಯ ಈಚೆ ಡಾಕ್ಟರು ಕಣ್ಣು ಮುಚ್ಚಿ ಆ ಬೆರಳನ್ನು ಕೇಳುತ್ತಿದ್ದರು.

"ನಿಮ್ಮ ಬೆರಳು ನಮ್ಮೂರ ಭಜನೆ ತಾಳಕ್ಕಿಂತ ಚೊಕ್ಕ ಐತ್ರೀ" ಎಂದು ಒಮ್ಮೆ ಹೇಳಿದ್ದರು. ಅವತ್ತಿಡೀ ಅವಳು ಆ ಬೆರಳನ್ನೇ ನೋಡಿಕೊಂಡಿದ್ದಳು.

ಕೇಳುವುದನ್ನು ಕಲಿಯುವಾಗ ಅವಳು ಮೊದಲು ಇಟ್ಟುಕೊಂಡಿದ್ದು ತನ್ನದೇ ಎದೆಯ ಮೇಲೆ. ಬೆರಳು ತಾನಾಗಿ ಬಡಿಯಿತು, ಬಡಿಯುತ್ತಾ ಬಡಿಯುತ್ತಾ ಮೇಜು ಕೆರೆಯಿತು. ಹನ್ನೊಂದರ ವಯಸ್ಸಿನಲ್ಲಿ ಮೂರು ತಿಂಗಳು ಮಲಗಿಸಿದ್ದ ಜ್ವರ ನೆನಪಾಯಿತು. ಹೇಳಿದರೆ ಕೆಲಸಕ್ಕೆ ಅನ್‌ಫಿಟ್ ಎಂದು ಜಗಳೂರಿಗೆ ಅಟ್ಟುತ್ತಾರೆ. ಅದಾದರೂ ಹೋಗಲಿ. ಇಂಥ ಹೃದಯದ ಹೆಣ್ಣಿಗೆ ಮದುವೆ ಬೇಡ ಎಂದು ಅವರ ದಪ್ಪ ಪುಸ್ತಕದಲ್ಲಿ ಬರೆದಿತ್ತು. ಆ ಸಾಲನ್ನು ಅವಳಿಗೆ ಓದಿ ಹೇಳಿದ್ದವರು ಅವರೇ. ಅವರ ಕಣ್ಣಿನಲ್ಲಿ ತಾನು ಬರೀ ಒಬ್ಬ ರೋಗಿಯಾಗುವುದು ಅವಳಿಗೆ ಬೇಡವಾಗಿತ್ತು.

ಬದುಕಬೇಕು ಎಂಬ ಹಟವಂತೂ ಇತ್ತು. ಹಾಗಾಗಿ ನಲವತ್ತೊಂದನೇ ನಂಬರಿನ ಚೌಡಮ್ಮ ಹುಟ್ಟಿದಳು. ನೀವು ಊರಲ್ಲಿಲ್ಲದಾಗ ಬಂದಿದ್ದಳು, ನಾನೇ ಎದೆ ಕೇಳಿ ಬರೆದಿದ್ದೇನೆ, ಅವಳಿಗೆ ಮರಳಿನ ಗಡಿಯಾರ ಕೊಟ್ಟು ಎಣಿಸಲು ಕಲಿಸಿದ್ದೇನೆ, ಸಂತೆಗೆ ಬರುವವರ ಕೈಯಲ್ಲಿ ವಾರದ ನಾಡಿ ಬರೆಸಿ ಕಳಿಸುತ್ತಾಳೆ ಎಂದು ಡಾಕ್ಟರಿಗೆ ಹೇಳಿದಳು. ಗುಳಿಗೆ ನುಂಗಿದ್ದು, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನಾಡಿ ಎಣಿಸಿ ಬರೆದದ್ದು ತಾನು. ಬೇರೆ ರೋಗಿಗಳ ನಾಡಿ ವಾರಕ್ಕೊಂದು ಸಲ ಸಿಕ್ಕರೆ ಪುಣ್ಯ. ಚೌಡಮ್ಮನದು ಒಂದು ದಿನವೂ ತಪ್ಪಿರಲಿಲ್ಲ. ಡಾಕ್ಟರಿಗೆ ಅವಳೆಂದರೆ ಪ್ರಾಣ.

"ಒಂದು ಮಾತ್ರ ತಿಳೀವಲ್ದು" ಎಂದು ತಲೆ ಕೆರೆದುಕೊಳ್ಳುತ್ತಿದ್ದರು. "ವಾರವೆಲ್ಲಾ ಎಪ್ಪತ್ತಾರು, ಎಪ್ಪತ್ತೆಂಟು. ಸೋಮವಾರ ಬಂತು ಅಂದ್ರೆ ತೊಂಬತ್ತು! ಕಾರಣ ಬರೆಯೋ ಷರಾ ಕಾಲಮ್ಮು ಖಾಲಿ. ಸೋಮವಾರ ಏನು ಮಾಡ್ತಾಳ್ರೀ ಇವಳು?"

"ಬಟ್ಟೆ ಒಗೀತಾಳೇನೋ" ಎಂದು ಕಸ್ತೂರಮ್ಮ ಗಾಜಿನ ಬಾಟಲಿಗಳ ಕಡೆ ತಿರುಗಿಬಿಡುತ್ತಿದ್ದಳು. ಎಂಟಕ್ಕೇ ಅವರ ಬಸ್ಸಿನ ಹಾರನ್ ಕೇಳಿದ ಮೇಲೆ ನಾಡಿ ಹಿಡಿದರೆ ಇನ್ನೆಷ್ಟು ಬಂದೀತು?

ಎಲ್ಲ ನೆಟ್ಟಗಿತ್ತು, ಬೆಂಗಳೂರಿನಿಂದ ಆ ಕಾಗದ ಬರುವವರೆಗೆ. ಡಾಕ್ಟರು ಬರೆದು ಕಳಿಸಿದ್ದ ಲೇಖನವನ್ನು ವೈದ್ಯರ ಸಭೆಯಲ್ಲಿ ಓದಬಹುದು, ಆದರೆ ಹೆಂಗಸರ ಎದೆಯನ್ನೆಲ್ಲ ಕೇಳಿದ್ದು ಒಬ್ಬ ನರ್ಸು. ನರ್ಸಿನ ಕಿವಿ ಪುರಾವೆಯಲ್ಲ. ದಿನದ ಲೆಕ್ಕವಿರುವ ಆ ನಲವತ್ತೊಂದನೆಯವಳನ್ನಾದರೂ ಡಾಕ್ಟರು ಖುದ್ದಾಗಿ ಪರೀಕ್ಷಿಸಿರಬೇಕು ಎಂದು ಅಲ್ಲಿಯ ಹಿರಿಯ ಡಾಕ್ಟರೊಬ್ಬರು ಬರೆದಿದ್ದರು. ಅದಕ್ಕೇ ಈ ಸೈಕಲ್ ಸವಾರಿ.

ಸಂಜೆ ನಾಲ್ಕಕ್ಕೆ ವಾಪಸು ಬಂದ ಡಾಕ್ಟರು ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಹದಿನಾಲ್ಕು ಮಂದಿ ಚೌಡಮ್ಮದೇರು ಸಿಕ್ಕರು" ಎಂದರು. "ಒಬ್ಬಾಕಿ ನನ್ನ ಕಣ್ಣೆದುರಿಗೇ ಒಂದು ಚೀಲ ಭತ್ತ ಎತ್ತಿ ಹೆಗಲಿಗೆ ಹಾಕ್ಕೊಂಡ್ಲು. ಇನ್ನೊಬ್ಬಾಕಿ, ನಮ್ಮ ಎದೆಗೇನಾಗೈತೋ ಯಪ್ಪಾ, ನಿನ್ನ ಮುಖಾನೇ ಬಾಡೈತೆ ಅಂತ ಮಜ್ಜಿಗೆ ಕೊಟ್ಲು. ಊರೆಲ್ಲಾ ನಕ್ಕಿತು. ನಗಲಿ. ಗುಳಿಗೆ ನುಂಗೋ ಚೌಡಮ್ಮ ಒಬ್ಬಳೂ ಇಲ್ಲ. ಮರಳಿನ ಗಡಿಯಾರ ಅಂದ್ರೆ ಏನು ಅಂತ ಯಾರಿಗೂ ಗೊತ್ತಿಲ್ಲ."

ಕಸ್ತೂರಮ್ಮ ತೆರೆದಿದ್ದ ರಿಜಿಸ್ಟರನ್ನು ಮುಚ್ಚಿದಳು.

"ಯಾಕ್ರೀ ಹಿಂಗೆ ಮಾಡಿದ್ರಿ? ನನಗೆ ಖುಷಿಯಾಗಲಿ ಅಂತ ನಂಬರ್ ಹುಟ್ಟಿಸಿ ಬರೆದ್ರಾ?" ಅವರ ದನಿ ಏರಲಿಲ್ಲ, ಅದೇ ಅವಳಿಗೆ ಹೆಚ್ಚು ಉರಿಯಿತು. "ಒಂದು ಸುಳ್ಳಾದ್ರೆ ಉಳಿದ ನಲವತ್ತನ್ನ ಯಾರು ನಂಬ್ತಾರೆ? ನಾನೇ ಹೆಂಗೆ ನಂಬಲಿ? ಸೋಮವಾರ ಬಂದವನೇ ಬೆಂಗಳೂರಿಗೆ ಬರೆದುಬಿಡ್ತೀನಿ, ಲೇಖನ ವಾಪಸು ತಗೊಂಡೆ ಅಂತ."

"ಸುಳ್ಳು ನಂಬರಲ್ಲರೀ ಅದು" ಎಂದಳು.

"ಹಂಗಾರೆ ಯಾರದು?"

ಅವಳು ಬಾಟಲಿಗಳ ಕಡೆ ತಿರುಗಿದಳು. ಅವರು ಟೋಪಿ ಎತ್ತಿಕೊಂಡು ಹೋದರು.

ಶುಕ್ರವಾರ, ಶನಿವಾರ, ಭಾನುವಾರ. ಮೂರು ದಿನ ಅವಳು ಉಂಡದ್ದು ಮೈಗೆ ಹತ್ತಲಿಲ್ಲ. ಭಾನುವಾರ ಮಧ್ಯಾಹ್ನ ಭೀಮಕ್ಕ ಪಕ್ಕದಲ್ಲಿ ಬಂದು ಕೂತಳು.

"ನಾನು ಸೀರೆ ಹಿಡಿಯೋಳು ಕಣವ್ವ, ಕಣ್ಣಿಲ್ಲದೋಳಲ್ಲ. ಮೆಟ್ಟಿಲು ಹತ್ತಿದಾಗಲೆಲ್ಲಾ ನೀನು ಗೋಡೆ ಹಿಡ್ಕೊಂತೀಯ. ಆ ಗುಳಿಗೆ ಬಾಯಿಗೆ ಹಾಕ್ಕೊಳೋದೂ ನೋಡೀನಿ. ಹೇಳಿಬಿಡು."

"ಹೇಳಿದ್ರೆ ಅವರು ನನ್ನ ಅಯ್ಯೋ ಪಾಪ ಅನ್ನೋ ಹಂಗೆ ನೋಡ್ತಾರೆ ಭೀಮಕ್ಕ. ಅದನ್ನ ತಡೆಯಾಕೆ ಆಗಾಕಿಲ್ಲ."

"ಈಗ ಕಳ್ಳಿ ಅನ್ನೋ ಹಂಗೆ ನೋಡಿದ್ರಲ್ಲ, ಅದನ್ನ ತಡಕೊಂಡೆಯಾ?"

ಕಸ್ತೂರಮ್ಮ ತಲೆ ಎತ್ತಿದಳು. ನಲವತ್ತು ಹೆಂಗಸರು ನಾಚಿಕೆ ನುಂಗಿಕೊಂಡು ತನ್ನೆದುರು ಎದೆ ತೋರಿಸಿದ್ದರು. ಅವರೆಲ್ಲರ ನಾಡಿ ತನ್ನೊಬ್ಬಳ ಭಯಕ್ಕೆ ಕಸವಾಗಬೇಕೇ? ಆಗಕೂಡದು. ಅವಳು ಎದ್ದು ಮುಖ ತೊಳೆದಳು.

ಸೋಮವಾರ ಬಸ್ಸಿನ ಹಾರನ್ ಆಯಿತು. ಡಾಕ್ಟರು ಒಳಗೆ ಬಂದಾಗ ಮೇಜಿನ ಮೇಲೆ ರಿಜಿಸ್ಟರು ತೆರೆದಿತ್ತು, ಕಸ್ತೂರಮ್ಮ ರೋಗಿಗಳ ಸ್ಟೂಲಿನ ಮೇಲೆ ಕೂತಿದ್ದಳು, ಭೀಮಕ್ಕ ಸೀರೆ ಮಡಿಸಿಕೊಂಡು ಮೂಲೆಯಲ್ಲಿ ನಿಂತಿದ್ದಳು.

"ಕಾಗದ ಬರೆಯೋ ಮುಂಚೆ ಒಂದು ಎದೆ ಕೇಳ್ರಿ" ಎಂದು ಅವಳು ಸ್ಟೆತಾಸ್ಕೋಪ್ ಅವರ ಕೈಗೆ ಕೊಟ್ಟಳು.

"ಯಾರದು?"

"ಚೌಡಮ್ಮನದು."

ಅವರು ಸುತ್ತ ನೋಡಿದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಭೀಮಕ್ಕ ಸೀರೆ ಬಿಚ್ಚಲೇ ಇಲ್ಲ. "ಇವತ್ತು ಅಡ್ಡ ಹಿಡಿಯಾಕಿಲ್ಲ ನಾನು" ಎಂದು ಗೋಡೆಯ ಕಡೆ ತಿರುಗಿದಳು.

ಡಾಕ್ಟರು ರವಿಕೆಯ ಅಂಚಿನ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿದರು. ಇಷ್ಟು ಹತ್ತಿರದಿಂದ ಅವರ ಮುಖವನ್ನು ಅವಳು ನೋಡಿರಲಿಲ್ಲ. ಹುಬ್ಬಿನ ಪಕ್ಕದ ಸಣ್ಣ ಗಾಯದ ಗುರುತು, ಬಸ್ಸಿನ ಧೂಳು ಕೂತ ರೆಪ್ಪೆ. ಅವರ ಎಡಗೈ ಬೆರಳು ಮೇಜಿನ ಮೇಲೆ ತಾನಾಗಿ ಬಡಿಯತೊಡಗಿತು. ಬಡಿದು, ಬಡಿದು, ಉಗುರಿನಿಂದ ಕೆರೆಯಿತು. ಅಲ್ಲೇ ನಿಂತಿತು.

"ರಿಜಿಸ್ಟರಿನಾಗೆ ಬರೆದಂಗೇ ಐತಾ?" ಎಂದಳು.

"ಐತೆ."

"ನನ್ನ ಕಿವಿ ಸುಳ್ಳು ಹೇಳಿತ್ತಾ?"

"ಇಲ್ಲ." ಕಣ್ಣು ತೆರೆದಾಗ ಅವರ ಕಣ್ಣು ಒದ್ದೆಯಾಗಿತ್ತು. "ನನ್ನ ಬುದ್ಧಿಗೇ ಮಂಕು ಕವಿದಿತ್ತು. ಎರಡು ವರ್ಷ ಪಕ್ಕದಾಗೇ ಇದ್ದು..." ಮಾತು ಮುಗಿಸದೆ ರಿಜಿಸ್ಟರು ಎಳೆದುಕೊಂಡರು. ನಲವತ್ತೊಂದನೇ ಹಾಳೆ. ಬೆರಳು ಒಂದೊಂದೇ ಸೋಮವಾರದ ಮೇಲೆ ಇಳಿಯಿತು. ತೊಂಬತ್ತು. ತೊಂಬತ್ತೆರಡು. ಎಂಬತ್ತೊಂಬತ್ತು. ನಡುವೆ ಒಂದು ಸೋಮವಾರ ಎಪ್ಪತ್ತಾರು.

"ಈ ವಾರ ನಾನು ನ್ಯಾಮತಿಯಾಗೆ ಜ್ವರ ಬಂದು ಮಲಗಿದ್ದೆ" ಎಂದರು ನಿಧಾನಕ್ಕೆ. "ಬಂದಿರಲಿಲ್ಲ."

ಕಸ್ತೂರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಬಟ್ಟೆ ಒಗೀತಿದ್ಲಂತೆ ಚೌಡಮ್ಮ!"

"ಅಣಕಿಸಬ್ಯಾಡ್ರಿ."

"ಅಣಕ ಅಲ್ರೀ. ಸೋಮವಾರ ಬಸ್ಸು ಕೆರೆ ಏರಿ ದಾಟಿದ ಕೂಡ್ಲೇ ನನ್ನ ನಾಡಿಯೂ ಓಡ್ತೈತೆ. ನಾನು ಬರೆದಿಟ್ಟಿಲ್ಲ, ಅಷ್ಟೇ. ನನ್ನ ಮದ್ವೆ ಆಗ್ರಿ ಕಸ್ತೂರಮ್ಮ."

ಮೂಲೆಯಿಂದ ಭೀಮಕ್ಕ ಕೆಮ್ಮಿದಳು. ಕಸ್ತೂರಮ್ಮ ಸೆರಗು ಸರಿಸಿದಳು. ಅವಳ ಮುಖದಲ್ಲಿ ನಾಚಿಕೆ ಇತ್ತು, ಅದಕ್ಕಿಂತ ಹೆಚ್ಚು ಹಟ ಇತ್ತು.

"ಕರುಣೆಗೆ ಕೇಳ್ತಿದ್ರೆ ಬ್ಯಾಡ. ಮಕ್ಕಳಾಗೋ ಹಂಗಿಲ್ಲ ನನಗೆ. ಎಷ್ಟು ವರ್ಷ ಬದುಕ್ತೀನೋ ಗೊತ್ತಿಲ್ಲ. ನಿಮ್ಮವ್ವ ಅಜ್ಜಮ್ಮನೋರು ಆಗ್ಲೇ ತೊಟ್ಟಿಲು ತೊಳೆದಿಟ್ಟಾರಂತೆ."

"ತೊಟ್ಟಿಲಾಗೆ ರಾಗಿ ತುಂಬಿಡ್ಲಿ. ಎಷ್ಟು ವರ್ಷ ಅಂತ ನನಗೂ ಗೊತ್ತಿಲ್ಲ, ಆ ಪುಸ್ತಕ ಬರೆದೋನಿಗೂ ಗೊತ್ತಿಲ್ಲ. ಅದನ್ನ ತಿಳಕೊಳ್ಳಾಕೇ ಅಲ್ವೇನ್ರಿ ನಾವು ದಿನಾ ಎಣಿಸಿದ್ದು?"

ಅವಳು ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡಳು. ಆಮೇಲೆ, "ಮೊದಲು ಕೆಲಸ" ಎಂದಳು. "ಲೇಖನ ವಾಪಸು ತಗೋಬ್ಯಾಡ್ರಿ. ಚೌಡಮ್ಮನ ಹೆಸರು ಹೊಡೆದು ನನ್ನ ಹೆಸರು ಬರೀರಿ. ಬೆಂಗಳೂರಿಗೆ ನಾನೂ ಬರ್ತೀನಿ. ಆ ದೊಡ್ಡ ಡಾಕ್ಟರು ನನ್ನ ಎದೆ ಕೇಳ್ಲಿ. ಆಮೇಲೆ ಅವರಿಗೆ ಬೇಕಾದ ರೋಗಿ ಕೊಡ್ಲಿ, ನಾನು ಕೇಳಿ ಮೇಜಿನ ಮೇಲೆ ಬಡಿದು ತೋರಿಸ್ತೀನಿ. ನರ್ಸಿನ ಕಿವಿ ಏನು ಅಂತ ಗೊತ್ತಾಗ್ಲಿ."

"ಕೆಲಸ ಹೋದ್ರೆ?"

"ಹೋಗ್ಲಿ. ಕಿವಿ ಹೋಗಾಕಿಲ್ಲವಲ್ಲ."

ಹಾಗೇ ಆಯಿತು. ಬೆಂಗಳೂರಿನ ಸಭೆಯಲ್ಲಿ ಹಿರಿಯ ಡಾಕ್ಟರು ಮೂವರು ರೋಗಿಗಳನ್ನು ಕೂರಿಸಿದರು. ಕಸ್ತೂರಮ್ಮ ಒಬ್ಬೊಬ್ಬರ ಎದೆ ಕೇಳಿ ಮೇಜು ಬಡಿದಳು. ಮೂರನೆಯವಳ ಹತ್ತಿರ ಬಂದಾಗ ಕೊನೆಯಲ್ಲಿ ಉಗುರಿನಿಂದ ಮೇಜನ್ನು ಸಣ್ಣಗೆ ಒಮ್ಮೆ ಕೆರೆದಳು. "ಇವಳಿಗೆ ಏನೂ ಇಲ್ಲ, ಸುಮ್ಮನೆ ಪರೀಕ್ಷೆಗೆ ಕೂರಿಸಿದ್ದು" ಎಂದರು ಹಿರಿಯರು. "ಐತ್ರಿ, ಇನ್ನೊಂದು ಸಲ ಕೇಳ್ರಿ" ಎಂದಳು ಅವಳು. ಅವರು ಬಗ್ಗಿ ಕೇಳಿದರು. ಮತ್ತೊಮ್ಮೆ ಕೇಳಿದರು. ಎದ್ದು ನಿಂತವರು ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದು ಅವಳಿಗೆ ಕೈ ಮುಗಿದರು.

ಅನ್‌ಫಿಟ್ ಎಂದು ನರ್ಸಿನ ಕೆಲಸ ನಿಜಕ್ಕೂ ಹೋಯಿತು. ವಾಪಸು ಬರುವ ಬಸ್ಸಿನಲ್ಲಿ, ಕೆರೆ ಏರಿ ಕಾಣಿಸಿದಾಗ, ಅವಳು ಡಾಕ್ಟರ ಕೈ ಎಳೆದು ಮಣಿಕಟ್ಟು ಹಿಡಿದು ಎಣಿಸಿದಳು.

"ನೂರಾ ನಾಲ್ಕು" ಎಂದಳು. "ಸುಳ್ಳು ಹೇಳಿರಲಿಲ್ಲ ನೀವು. ಆಗ್ತೀನಿ."

ಎಂಟು ವರ್ಷ ಕಳೆಯಿತು. ಯುದ್ಧದಲ್ಲಿ ಗುಳಿಗೆ ಸಿಗದೆ ಪರದಾಡಿದ್ದುಂಟು, ಎರಡು ಸಲ ಕಾಲು ಬಾತು ತಿಂಗಳುಗಟ್ಟಲೆ ಮಲಗಿದ್ದುಂಟು. ಅವಳು ಎರಡು ಸಲವೂ ಎದ್ದಳು. ಅತ್ತೆ ಅಜ್ಜಮ್ಮ ಒಂದು ವರ್ಷ ಮಾತು ಬಿಟ್ಟಿದ್ದರು. ಆಮೇಲೆ ಅವರೇ ಸೊಸೆಗೆ ಉಪ್ಪಿಲ್ಲದ ಸಾರು ಮಾಡುವುದು ಕಲಿತರು. ಡಾಕ್ಟರು ಈಗಲೂ ನ್ಯಾಮತಿಗೆ ಹೋಗುತ್ತಾರೆ, ಸೋಮವಾರದ ಬಸ್ಸಿಗೆ ವಾಪಸು ಬರುತ್ತಾರೆ. ಸೀರೆಯ ಆಚೆ ಕಸ್ತೂರಮ್ಮ ಸಂಬಳವಿಲ್ಲದೆ ಕೂರುತ್ತಾಳೆ. ರೋಗಿಗಳ ನಂಬರು ಮುನ್ನೂರು ದಾಟಿದೆ.

ಮೊನ್ನೆ ಸೋಮವಾರ ಅವರು ನಾಲ್ಕನೇ ರಿಜಿಸ್ಟರು ತಿರುವುತ್ತಾ, "ಗುಳಿಗೆಯಿಂದ ಎಲ್ಲಾ ಹತೋಟಿಗೆ ಬಂತು, ಇದೊಂದು ಸೋಮವಾರ ಬಿಟ್ಟು" ಎಂದು ಗೊಣಗಿದರು. "ಇವತ್ತೂ ತೊಂಬತ್ತು. ಷರಾ ಕಾಲಮ್ಮು ಇವತ್ತಾದ್ರೂ ತುಂಬ್ತೀಯೇನು? ನಾಳೆ ಯಾರಾದ್ರೂ ಓದಿದ್ರೆ ಕಾರಣ ತಿಳೀಬೇಕಲ್ಲ."

ಕಸ್ತೂರಮ್ಮ ಪೆನ್ನು ತೆಗೆದುಕೊಂಡು, ಹತ್ತು ವರ್ಷದಿಂದ ಖಾಲಿ ಬಿಟ್ಟಿದ್ದ ಕಾಲಮ್ಮಿನಲ್ಲಿ ಎರಡೇ ಮಾತು ಬರೆದಳು.

ಬಸ್ಸು ಬಂತು.