ಹೊಸ ವಿಳಾಸದ ಲೇಬಲ್

ಬಿಸ್ಕತ್ತು ತಿಂದ ಹುಡುಗಿ ಆಸ್ಪತ್ರೆಯಲ್ಲಿದ್ದಳು. ಆಸ್ಪತ್ರೆ ಸಮುದ್ರದಾಚೆ, ಬಿಸ್ಕತ್ತು ಈ ಕಾರ್ಖಾನೆಯದು. ಕಡಲೆಕಾಯಿ ತಿಂದರೆ ಉಸಿರು ಕಟ್ಟುವ ಮಗು. ಲೇಬಲ್ಲಿನಲ್ಲಿ ಕಡಲೆಕಾಯಿ ಇಲ್ಲ ಎಂದಿತ್ತು. ಒಳಗೆ ಬೇಕಾದಷ್ಟಿತ್ತು.

ಆಹಾರ ಸುರಕ್ಷತಾ ಅಧಿಕಾರಿ ಬೆಳಗ್ಗೆ ಎಂಟಕ್ಕೇ ಬಂದರು. ಕಾರ್ಖಾನೆಗಳಲ್ಲಿ ಆಕೆಗಿದ್ದ ಅಡ್ಡಹೆಸರು ಭೂತಗನ್ನಡಿ. ಕೊಟ್ಟ ಕಾಫಿ ಆರಿಹೋಯಿತು. ಆಯಮ್ಮ ಕೂತರೆ ತಾನೆ?

ಕ್ವಾಲಿಟಿ ಸಾಹೇಬರ ಬಳಿ ಉತ್ತರ ಸಿದ್ಧವಾಗಿತ್ತು. ಲೇಬಲ್ ಯಂತ್ರದ ಅಕ್ಕ ತಪ್ಪು ರೋಲ್ ಹಾಕಿದ್ದಾಳೆ, ಅಲ್ಲಿ ಈಗಾಗಲೇ ತಡೆದಿರುವ ಆ ಒಂದು ಬಾಕ್ಸ್ ಬಿಟ್ಟರೆ ಮಿಕ್ಕಿದ್ದೆಲ್ಲ ಸರಿಯಿದೆ, ಸಂಜೆಯೊಳಗೆ ಯಜಮಾನರು ಅವಳನ್ನು ಪೊಲೀಸರಿಗೆ ಒಪ್ಪಿಸುತ್ತಾರೆ ಎಂದರು.

ಹದಿನೆಂಟು ವರ್ಷ ಅದೇ ಯಂತ್ರದ ಮುಂದೆ ನಿಂತ ಅಕ್ಕ ಅಲ್ಲಗಳೆಯಲಿಲ್ಲ.

"ನಾನೇ ಇರ್ಬೇಕು ಮೇಡಂ. ಆರು ತಿಂಗಳಿಂದ ಸಣ್ಣಕ್ಷರ ಕಾಣಿಸ್ತಿಲ್ಲ. ಕೆಲಸ ಹೋಗುತ್ತೆ ಅಂತ ಬಾಯಿ ಬಿಡ್ಲಿಲ್ಲ."

"ಮತ್ತೆ ರೋಲ್ ಹೇಗೆ ಗುರುತು ಹಿಡೀತೀರಿ?"

"ಅಂಚಿನ ಬಣ್ಣ ನೋಡಿ. ಕಡಲೆಕಾಯಿ ಇದ್ರೆ ಕೆಂಪು, ಇಲ್ದಿದ್ರೆ ಹಸಿರು."

ಸಾಹೇಬರು ಮುಗುಳ್ನಕ್ಕರು. ಭೂತಗನ್ನಡಿಗೆ ಆ ನಗು ಹಿಡಿಸಲಿಲ್ಲ.

* * *

ವಿಮಾನದಲ್ಲಿ ವಾಪಸ್ ಬಂದಿದ್ದ ಹುಡುಗಿಯ ಪ್ಯಾಕೆಟ್ಟನ್ನು ಆಕೆ ಕೆಟಲಿನ ಹಬೆಗೆ ಹಿಡಿದರು. ಹಸಿರು ಲೇಬಲ್ ಮೆತ್ತಗಾಗಿ ಎದ್ದಿತು. ಅಡಿಯಲ್ಲಿ ಇನ್ನೊಂದಿತ್ತು. ಕೆಂಪು.

ತಪ್ಪು ಮುಚ್ಚಲು ಅವಳೇ ಅಂಟಿಸಿರಬೇಕು ಎಂದರು ಸಾಹೇಬರು.

"ಯಾವ ತಪ್ಪು? ಕೆಂಪೇ ಸರಿ. ಅಕ್ಕ ಸರಿಯಾಗೇ ಹಾಕಿದ್ದಾರೆ."

ಆಕೆ ಹಸಿರು ಲೇಬಲ್ಲನ್ನು ಮತ್ತೆ ಮತ್ತೆ ಓದಿದರು. ಅದರಲ್ಲಿದ್ದದ್ದು ಆಮದುದಾರನ ಹೊಸ ವಿಳಾಸ. ಬಿಸ್ಕತ್ತು ಪ್ಯಾಕ್ ಆದದ್ದು ಒಂಬತ್ತನೇ ತಾರೀಖು. ಹೊಸ ವಿಳಾಸದ ರೋಲ್ ಕಾರ್ಖಾನೆಗೆ ಬಂದದ್ದು ಹದಿನಾಲ್ಕನೇ ತಾರೀಖು. ಯಂತ್ರದ ಹತ್ತಿರ ಅದು ಹೋಗೇ ಇರಲಿಲ್ಲ, ಪರಿಶೀಲನೆಗೆಂದು ಬೀರುವಿನಲ್ಲಿತ್ತು.

ಬೀರುವಿನ ಕೀ ಯಾರ ಹತ್ತಿರ ಎಂದು ಆಕೆ ಕೇಳಿದ್ದೇ ತಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸಾಹೇಬರ ಕೈ ಜೇಬಿಗೆ ಹೋಯಿತು.

ಬೀರುವಿನಲ್ಲಿದ್ದ ರೋಲಿನ ಹಿಂಬದಿಯ ಕ್ರಮಸಂಖ್ಯೆ ಎರಡು ಸಾವಿರದ ಒಂದರಿಂದ ಶುರುವಾಗಿತ್ತು. ಮೊದಲ ಎರಡು ಸಾವಿರ ಲೇಬಲ್ ಆಗಲೇ ಖರ್ಚಾಗಿದ್ದವು. ಬಾಕ್ಸಿಗೆ ಐವತ್ತು ಪ್ಯಾಕೆಟ್. ಅಂದರೆ ಒಂದಲ್ಲ, ನಲವತ್ತು ಬಾಕ್ಸ್.

"ರೋಲ್ ಬಂದ ಮರುದಿನವೇ ಹಡಗು ಹೊರಡೋದಿತ್ತು," ಸಾಹೇಬರು ಕುರ್ಚಿಗೆ ಕುಸಿದರು. "ಕಡಲೆಕಾಯಿ ಇಲ್ಲದ್ದು ನಲವತ್ತು ಬಾಕ್ಸ್ ಕಮ್ಮಿ ಬಿತ್ತು. ಹಳೇ ಹಸಿರು ರೋಲುಗಳಿಗೆ ಅಕ್ಕ ಬೀಗ ಹಾಕಿರ್ತಾಳೆ. ಕೈಯಲ್ಲಿದ್ದದ್ದನ್ನ ಕೆಂಪಿನ ಮೇಲೆ ಅಂಟಿಸಿದೆ. ಯಾರಿಗೇನಾಗುತ್ತೆ ಅಂದ್ಕೊಂಡೆ."

ಬೇಲಿಯೇ ಹೊಲ ಮೇಯ್ದಿತಲ್ಲ ಎಂದು ಯಜಮಾನರು ತಲೆ ಚಚ್ಚಿಕೊಂಡರು. ಅದನ್ನು ಕೇಳಲು ಭೂತಗನ್ನಡಿಗೆ ಪುರುಸೊತ್ತಿರಲಿಲ್ಲ. ಫೋನು ಕಿವಿಗೊತ್ತಿಕೊಂಡು ಅತ್ತಿಂದಿತ್ತ ಓಡಾಡುತ್ತಲೇ ಉಳಿದ ಮೂವತ್ತೊಂಬತ್ತು ಬಾಕ್ಸನ್ನೂ ತಡೆಹಿಡಿಸಿದರು. ಅವುಗಳಲ್ಲಿ ಕೊನೆಯದು ಒಂದು ಅಂಗಡಿಯಲ್ಲಿ ಸಿಕ್ಕಿತು, ಇನ್ನೂ ಒಡೆದಿರಲಿಲ್ಲ.

* * *

ಸಂಜೆ ಅಕ್ಕ ತನ್ನ ಕೆಲಸದ ಬಗ್ಗೆ ಕೇಳಲಿಲ್ಲ. ಮಗು ಹೇಗಿದೆ ಎಂದಳು.

"ಕಣ್ಣು ಬಿಟ್ಟಿದ್ದಾಳೆ."

ಅಕ್ಕ ಅಲ್ಲೇ ಕೂತು ಅತ್ತಳು. ಭೂತಗನ್ನಡಿಗೆ ಮುಂದಿನ ಮಾತು ಆಡಲು ಕಷ್ಟವಾಯಿತು.

"ನಿಮ್ಮ ಕಣ್ಣಿನ ವಿಷಯಾನೂ ನಾನು ವರದೀಲಿ ಬರೀಲೇಬೇಕು."

"ಬರೀರಿ ಮೇಡಂ." ಅಕ್ಕ ಸೊಂಟದಲ್ಲಿದ್ದ ರೋಲುಗಳ ಬೀಗದ ಕೈ ಬಿಚ್ಚಿ ಆಕೆಯ ಅಂಗೈಯಲ್ಲಿಟ್ಟಳು. "ಕನ್ನಡಕ ಬರೋವರೆಗೂ ನಾನು ಆ ಯಂತ್ರ ಮುಟ್ಟಲ್ಲ."