ಹಾಲು ಸೋರಿದ ಚಕ್ರ

"ಗಟ್ಟಿಯಾಗಿ ಇಡ್ಕೊ ಜೀವಿ, ಬಿಡ್ಬೇಡ!" ಎಂದಳು ಸರಿತಕ್ಕ.

ಜೀವಿತಾ ಎರಡೂ ಕೈಯಿಂದ ಚಕ್ರ ಹಿಡಿದು ಕೂತಳು. ಲಾರಿ ಪಂಚರ್ ಅಂಗಡಿಯ ಕುಪ್ಪಸ್ವಾಮಿ ಮಾಮ ಕಂಪ್ರೆಸರ್ ಪೈಪನ್ನು ವಾಲ್ವಿಗೆ ಒತ್ತಿದರು. ಬುಸ್ಸೆಂದು ಗಾಳಿ ನುಗ್ಗಿತು. ಪಟ್! ಪಟ್! ಟೈರಿನ ಅಂಚು ರಿಮ್ಮಿಗೆ ಕಚ್ಚಿಕೊಂಡಿತು.

"ಕೂತ್ಕೊಂತು!" ಅಕ್ಕ ಕುಣಿದೇಬಿಟ್ಟಳು. "ಇನ್ನು ಟ್ಯೂಬೂ ಇಲ್ಲ, ಪಂಚರೂ ಇಲ್ಲ!"

ಕೊಳತ್ತೂರಿನ ರಸ್ತೆಯ ತುಂಬ ಜಾಲಿ ಮುಳ್ಳು. ಅಕ್ಕನ ರೇಸ್ ಸೈಕಲ್ಲಿನ ಟ್ಯೂಬುಗಳಲ್ಲಿ ತೇಪೆ ಹಾಕಲೂ ಜಾಗ ಉಳಿದಿರಲಿಲ್ಲ. ಅದಕ್ಕೇ ಕೋಚ್ ಮೋಹನ್‌ರಾಜ್ ಸರ್ ಟ್ಯೂಬ್‌ಲೆಸ್ ಟೈರು, ಒಂದು ಸುರುಳಿ ಟೇಪು, ಒಂದು ಬಾಟಲಿ ಹಾಲಿನಂಥ ದ್ರವ ಕೊಟ್ಟಿದ್ದರು. ಮುಳ್ಳು ಚುಚ್ಚಿದರೆ ಆ ಹಾಲೇ ತೂತು ಮುಚ್ಚುತ್ತದಂತೆ.

ನಾಳೆ ಬೆಳಗ್ಗೆ ಸೇಲಂನಲ್ಲಿ ಸೈಕಲ್ ರೇಸ್ ತಂಡದ ಸೆಲೆಕ್ಷನ್. ಹದಿನಾರು ದಾಟದವರಿಗೆ ಮಾತ್ರ. ಮುಂದಿನ ವರ್ಷಕ್ಕೆ ಅಕ್ಕನ ವಯಸ್ಸು ಮೀರುತ್ತದೆ.

"ಎನ್ನಮ್ಮಾ ಇದು? ಹಾಲು ಸೋರ್ತೈತೆ!" ಎಂದರು ಮಾಮ.

ಚಕ್ರದ ಕಡ್ಡಿಯೊಂದರ ಬುಡದಲ್ಲಿ ಬಿಳಿ ಹನಿ ಮೂಡಿತು. ಹನಿ ಧಾರೆಯಾಯಿತು. ನೋಡುತ್ತಿದ್ದಂತೆ ಟೈರು ಮೆತ್ತಗಾಗಿ, ಜೀವಿತಾಳ ಬೆರಳ ಸಂದಿನಿಂದ ಹಾಲು ನೆಲಕ್ಕೆ ಇಳಿಯಿತು.

ಯಾಕೆ ಸೋರುತ್ತಿದೆಯೆಂದು ಜೀವಿತಾಗೆ ಗೊತ್ತಿತ್ತು.

ಮಧ್ಯಾಹ್ನ ಅಕ್ಕ ಮುಂದಿನ ಚಕ್ರಕ್ಕೆ ಟೇಪ್ ಅಂಟಿಸಿದ್ದಳು. "ಹಿಂದಿನದು ನಾನು, ನಾನು!" ಎಂದು ಜೀವಿತಾ ಕಾಡಿ ಕಾಡಿ ಇಸಿದುಕೊಂಡಿದ್ದಳು. ರಿಮ್ಮಿನಲ್ಲಿ ಕಡ್ಡಿ ಕೂರುವ ತೂತುಗಳೆಲ್ಲ ಮುಚ್ಚುವಂತೆ ಟೇಪನ್ನು ಎಳೆದೆಳೆದು ಅಂಟಿಸಬೇಕು. ಒಂದು ಕಡೆ ಸುಕ್ಕು ಬಿತ್ತು. ಅಷ್ಟರಲ್ಲಿ ಹೊರಗಿಂದ ಪೂಂಗೊಡಿ ಆಟಕ್ಕೆ ಕರೆದಳು. ಸುಕ್ಕನ್ನು ಹೆಬ್ಬೆರಳಲ್ಲಿ ಒತ್ತಿ ಜೀವಿತಾ ಓಡಿದ್ದಳು.

ಅಕ್ಕ ಟೈರು ಬಿಚ್ಚಿದಳು. "ಇಲ್ಲಿ ಸುಕ್ಕಾಗೈತೆ. ನೀನು ನೋಡಿದ್ಯಾ ಜೀವಿ?"

"ಇಲ್ಲಕ್ಕ. ಟೇಪೇ ಸರಿ ಇಲ್ವೇನೋ."

ಗೇಣುದ್ದ ಟೇಪ್ ಉಳಿದಿತ್ತು. ಅಕ್ಕ ಲಂಗದ ತುದಿಯಿಂದ ರಿಮ್ಮನ್ನು ಒರೆಸಿ ಒರೆಸಿ ಅಂಟಿಸಿ ನೋಡಿದಳು. ಹಾಲಿನಲ್ಲಿ ನೆಂದ ರಿಮ್ಮಿಗೆ ಅದು ಹಿಡಿಯಲೇ ಇಲ್ಲ. ಬಾಟಲಿಯೂ ಖಾಲಿ.

ಮಾಮ ಮೆಟ್ಟೂರಿನ ಅಂಗಡಿಗಳಿಗೆಲ್ಲ ಫೋನ್ ಮಾಡಿದರು. "ಇಷ್ಟು ಸಣ್ಣ ಟ್ಯೂಬು ಸೇಲಂನಾಗೇ ಸಿಗೋದಂತಮ್ಮ. ಈ ರಾತ್ರಿ ಒತ್ನಾಗೆ ಅಲ್ಲಿ ಅಂಗ್ಡಿ ಮುಚ್ಚಿರ್ತಾರೆ" ಎಂದು ತಲೆ ಆಡಿಸಿದರು.

ಮರುದಿನ ಬೆಳಗ್ಗೆ ಭೂಪತಿ ಅಣ್ಣನ ಮೀನಿನ ವ್ಯಾನು ಮನೆ ಮುಂದೆ ಹಾರ್ನ್ ಹೊಡೆಯಿತು. ಅದರಲ್ಲೇ ಸೈಕಲ್ ಹಾಕಿಕೊಂಡು ಅಕ್ಕ ಸೇಲಂಗೆ ಹೋಗಬೇಕಿತ್ತು.

"ನೀನು ಓಗಣ್ಣ. ನಾನು ಬರಲ್ಲ" ಎಂದಳು ಅಕ್ಕ. ವ್ಯಾನು ಹೋಯಿತು.

ಆಮೇಲೆ ಕೋಚ್‌ಗೆ ಫೋನ್ ಮಾಡಿ ತಮಿಳಿನಲ್ಲಿ ಹೇಳಿದಳು. ಟೇಪ್ ಸರಿಯಾಗಿ ಹಾಕಿಲ್ಲ, ತಪ್ಪು ನನ್ನದೇ ಎಂದಳು. ಸರ್ ಬೈಯುವ ದನಿ ಬಾಗಿಲ ಬಳಿ ನಿಂತಿದ್ದ ಜೀವಿತಾಗೂ ಕೇಳುತ್ತಿತ್ತು. ಅಕ್ಕ ಗೋಡೆ ನೋಡುತ್ತ "ಆಮಾ ಸರ್... ಆಮಾ ಸರ್" ಎಂದು ಒಪ್ಪಿಕೊಳ್ಳುತ್ತಲೇ ಇದ್ದಳು.

ಫೋನ್ ಇಟ್ಟ ಕೂಡಲೇ ಜೀವಿತಾಗೆ ಅಳು ಒತ್ತರಿಸಿ ಬಂತು. "ಅಕ್ಕ, ಸುಕ್ಕು ನಾನು ನೋಡಿದ್ದೆ. ನೋಡಿನೂ ಬಿಟ್ಟೆ."

"ಗೊತ್ತು."

"ಮತ್ಯಾಕೆ ನಿನ್ ತಪ್ಪು ಅಂದೆ?"

"ಸೈಕಲ್ಲು ನಂದು. ನೋಡ್ಬೇಕಾದೋಳು ನಾನೇ ಅಲ್ವಾ?" ಅಕ್ಕ ಮೆತ್ತಗಾದ ಟೈರನ್ನು ಮೂಲೆಗೆ ಸರಿಸಿದಳು. "ಹಾಲು ಉಯ್ಯೋಕೆ ಮುಂಚೆ ಒಂದ್ ಮಾತು ಏಳಿದ್ರೆ ಆಗ್ತಿತ್ತು ಜೀವಿ. ರಿಮ್ಮು ಒಣಗೇ ಇತ್ತು, ಟೇಪೂ ಇತ್ತು."

ಬೈದು ಹೇಳಲಿಲ್ಲ. ಸುಸ್ತಾದವರಂತೆ ಹೇಳಿದಳು.

ಏಳು ಗಂಟೆಯಾಯಿತು. ಸೇಲಂನಲ್ಲಿ ಸೀಟಿ ಊದಿರಬೇಕು. ಅಕ್ಕ ಗಡಿಯಾರದ ಕಡೆ ನೋಡಲಿಲ್ಲ. ಬಾಚಣಿಗೆ ತಂದು ಮೆಟ್ಟಿಲ ಮೇಲೆ ಕೂತಳು.

"ಬಾ. ಸ್ಕೂಲಿಗೆ ಒತ್ತಾಯ್ತು."

ಜೀವಿತಾ ಅವಳ ಮುಂದೆ ಕೂತಳು. ಅಕ್ಕ ಸಿಕ್ಕು ಬಿಡಿಸಿ, ಎರಡು ಜಡೆ ಹೆಣೆದು, ರಿಬ್ಬನ್ ಕಟ್ಟಿದಳು. ಅಕ್ಕನ ಕೈ ದಿನದ ಹಾಗೇ ಮೆತ್ತಗಿತ್ತು.

ಒಂದೇ ಒಂದು ಸಲ ಜೋರಾಗಿ ಎಳೆದುಬಿಡಲಿ ಎಂದು ಜೀವಿತಾ ಕತ್ತು ಬಿಗಿ ಹಿಡಿದು ಕಾಯುತ್ತ ಕೂತಿದ್ದಳು. ಅಕ್ಕ ಎಳೆಯಲಿಲ್ಲ.